ಹಿಂದಿ ಸಿನಿಮಾದಲ್ಲಿ ಊರು ಎಲ್ಲಿ ಹೋಯಿತು? ಗಡಿನಾಡಿನ ಕನ್ನಡಿಗರ ಚರ್ಚೆ

ಬೋರಿ ದಂಡಿ (ಅಕ್ಕಲಕೋಟೆ)

ಹಿಂದಿ ಸಿನಿಮಾದ ಬಗ್ಗೆ ಈಗ ಬಹುತೇಕ ವಿಮರ್ಶಕರದ್ದು ಮೂರೇ ದೂರು: ಕಥೆ ಇಲ್ಲ, ತಾರೆಯರ ಸಂಭಾವನೆ ಮಿತಿಮೀರಿದೆ, ದಕ್ಷಿಣದ ಡಬ್ಬಿಂಗ್ ಚಿತ್ರಗಳು ಮಾರುಕಟ್ಟೆ ನುಂಗಿವೆ. ಜನ ಬರುತ್ತಿಲ್ಲ ಅನ್ನುವುದಂತೂ ಸುಳ್ಳು. 2023ರಲ್ಲಿ ‘ಪಠಾಣ್’, ‘ಗದರ್ 2’, ‘ಜವಾನ್’, ‘ಅನಿಮಲ್’ ಒಂದರ ಬೆನ್ನಿಗೆ ಒಂದು ಓಡಿದವು. 2024ರಲ್ಲಿ ‘ಸ್ತ್ರೀ 2’, 2025ರಲ್ಲಿ ‘ಛಾವಾ’, ‘ಸೈಯಾರಾ’, ‘ಧುರಂಧರ್’.

ನನ್ನ ತಕರಾರು ಊರಿನದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಥಿಯೇಟರಿನಲ್ಲಿ ಹಿಂದಿ ಎಂದು ಬೆಳೆದ ನಮ್ಮ ಕಡೆಯವರಿಗೆ ಎದುರಿನವರು ಬಾಯಿ ತೆರೆದ ಕೂಡಲೇ ತಾಲೂಕು ಗೊತ್ತಾಗುತ್ತದೆ. ದಕ್ಷಿಣ ಸೊಲ್ಲಾಪುರದ ಕನ್ನಡವನ್ನೂ ಜತ್ತದ ಕನ್ನಡವನ್ನೂ ಬೇರೆ ಮಾಡಬಲ್ಲ ಈ ಕಿವಿಗೆ ಇವತ್ತಿನ ಹಿಂದಿ ಸಿನಿಮಾದ ಬನಾರಸಿನವನು, ಕಾನಪುರದವನು, ಭೋಪಾಲದವನು ಎಲ್ಲರೂ ಒಂದೇ ಓಣಿಯವರಂತೆ ಕೇಳುತ್ತಾರೆ. ‘ಮೈಂ’ ಬದಲು ‘ಹಮ್’ ಹಾಕಿದರೆ ಸಣ್ಣ ಊರು ಆಯಿತು ಎಂದು ಬರೆಯುವವರು ನಂಬಿದ್ದಾರೆ.

ನಮ್ಮದೇ ಸೊಲ್ಲಾಪುರ ಜಿಲ್ಲೆಯ ಉದಾಹರಣೆ ನೋಡಿ. ಜಾತಿ ಮೀರಿ ಪ್ರೀತಿಸಿ ಓಡಿಹೋಗುವ ಜೋಡಿಯ ಮರಾಠಿ ಸಿನಿಮಾ ‘ಸೈರಾಟ್’ 2016ರ ಏಪ್ರಿಲ್ 29ಕ್ಕೆ ಬಂತು. ನಿರ್ದೇಶಕ ನಾಗರಾಜ ಮಂಜುಳೆ ಕರಮಾಳಾ ತಾಲೂಕಿನವರು, ನಾಯಕಿ ರಿಂಕೂ ರಾಜಗುರು ಅಕಲೂಜಿನವರು, ಕಬ್ಬಿನ ಗದ್ದೆ, ಬಾವಿ, ಮಾತು ಎಲ್ಲ ಇಲ್ಲಿಯವೇ. ಅದರ ಎರಡನೆಯ ಅರ್ಧ ಹೈದರಾಬಾದಿನಲ್ಲಿ ನಡೆಯುತ್ತದೆ. ಅಪ್ಪನ ಊರಲ್ಲಿ ಬುಲೆಟ್ ಓಡಿಸಿ, ಎಲ್ಲರಿಗೂ ಗದರಿಸಿ ಮಾತಾಡುತ್ತಿದ್ದ ಹುಡುಗಿ ತೆಲುಗಿನ ನಡುವೆ ಬಾಯಿಲ್ಲದವಳಾಗುತ್ತಾಳೆ, ಆಮೇಲೆ ಕೆಲಸ ಮಾಡುತ್ತ ತೆಲುಗು ಕಲಿಯುತ್ತಾಳೆ. ಅವಳ ದರ್ಪ ಇಳಿದದ್ದೂ ಹೊಸ ಬದುಕು ಕಟ್ಟಿದ್ದೂ ನಮಗೆ ಭಾಷೆಯ ಮೂಲಕವೇ ತಿಳಿಯುತ್ತದೆ. 2018ರ ಹಿಂದಿ ರೀಮೇಕ್ ‘ಧಡಕ್’ ಇದನ್ನು ಉದಯಪುರಕ್ಕೆ ಒಯ್ದಿತು, ಓಡಿಹೋಗುವ ಊರು ಕೋಲ್ಕತ್ತಾ ಆಯಿತು. ಜಾತಿ ಮಸುಕಾಯಿತು. ಪರಭಾಷೆಯ ಊರಲ್ಲಿ ಬಾಯಿ ಕಟ್ಟುವ ಆ ಸಂಕಟವೂ ಹೋಯಿತು. ಉಳಿದದ್ದು ಕೆರೆ, ಅರಮನೆ, ಹಾಡು. ಊರು ಅಂದರೆ ಯಾವ ಓಣಿಯಲ್ಲಿ ಯಾರಿದ್ದಾರೆ, ಯಾರು ಯಾವ ಓಣಿಗೆ ಹೋಗುವಂತಿಲ್ಲ ಅನ್ನುವುದು. ಅದನ್ನು ತೆಗೆದ ಮೇಲೆ ಕೊನೆಯ ದೃಶ್ಯದ ಕೊಲೆಗೆ ಕಾರಣವೇ ಸಡಿಲವಾಗುತ್ತದೆ.

ಸಿನಿಮಾ ಮುಗಿದ ಮೇಲೆ ಒಂದು ಹಾಳೆ ತೆಗೆದುಕೊಳ್ಳಿ. ನಾಯಕನ ಮನೆ, ಅವನು ದುಡಿಯುವ ಜಾಗ, ಜಗಳವಾಗುವ ಜಾಗ, ಬಸ್ಸು ಅಥವಾ ರೈಲು ಹಿಡಿಯುವ ಜಾಗ, ಈ ನಾಲ್ಕನ್ನು ಗುರುತಿಸಿ ನಡುವೆ ದಾರಿ ಎಳೆಯಿರಿ. ‘ಲಾಪತಾ ಲೇಡೀಸ್’ಗೆ ಎಳೆಯಬಹುದು. ‘ನಿರ್ಮಲ್ ಪ್ರದೇಶ್’ ಎಂಬ ರಾಜ್ಯವೇ ಕಲ್ಪಿತ, ಆದರೂ ಯಾವ ಹುಡುಗಿ ಯಾವ ಸ್ಟೇಷನ್ನಿನಲ್ಲಿ ಇಳಿದಳು, ಯಾಕೆ ಮರಳಿ ಬರಲಾಗಲಿಲ್ಲ ಅನ್ನುವುದೇ ಅದರ ಕಥೆ. ಈಚಿನ ದೊಡ್ಡ ಬಜೆಟ್ಟಿನ ಹಿಂದಿ ಸಿನಿಮಾಗಳಲ್ಲಿ ಹೆಚ್ಚಿನವಕ್ಕೆ ಈ ನಕ್ಷೆ ಬರೆಯಲು ಬರುವುದಿಲ್ಲ.

ನಿಮ್ಮ ನಿಮ್ಮ ಕೆಲಸದ ಕಡೆಯಿಂದ ಹೇಳಿ. ಊರು ಯಾವ ಹಂತದಲ್ಲಿ ಕಳೆದುಹೋಗುತ್ತದೆ?

ಹೊಸೂರು ಹಾದಿ

ಗುರುಗಳೇ, ಇದನ್ನು ಇವತ್ತಿನ ರೋಗ ಅಂತ ಒಪ್ಪೋಕಾಗಲ್ಲ. ಹಿಂದಿ ಸಿನಿಮಾಕ್ಕೆ ಯಾವತ್ತು ಊರಿತ್ತು? 1975ರ ‘ಶೋಲೆ’ಯ ರಾಮಗಢ ನಮ್ಮ ಹೊಸೂರಿನಿಂದ ಎರಡು ಮೂರು ತಾಸಿನ ದಾರಿಯ ರಾಮನಗರದ ಬಂಡೆಗಳ ನಡುವೆ ಹಾಕಿದ ಸೆಟ್ಟು. ಸುತ್ತ ಕನ್ನಡದ ಹಳ್ಳಿಗಳು, ಸೆಟ್ಟಿನೊಳಗೆ ಯಾವ ಸೀಮೆಯದೆಂದು ಹೇಳಲಾಗದ ಹಿಂದಿ. ಅದೇ ಸಿನಿಮಾ 50 ವರ್ಷದ ನಂತರ, 2025ರ ಡಿಸೆಂಬರ್ 12ಕ್ಕೆ, ಮೂಲ ಅಂತ್ಯದೊಂದಿಗೆ 4ಕೆ ಪ್ರತಿಯಾಗಿ ಮತ್ತೆ ಥಿಯೇಟರಿಗೆ ಬಂತು. ಊರಿಲ್ಲದ್ದು ದೋಷವಾಗಿದ್ದರೆ ಅದು ಇಷ್ಟು ಕಾಲ ನಿಲ್ಲುತ್ತಿತ್ತೇ?

ಇನ್ನೊಂದು ಮಾತು. ‘ಧುರಂಧರ್’ ಕರಾಚಿಯ ಲ್ಯಾರಿಯನ್ನು ಸೆಟ್ಟಿನಲ್ಲಿ ಕಟ್ಟಿತು. ಅದರ ರಾಜಕೀಯ ಒಪ್ಪಿಗೆಯಾಗದವರೂ ಗಲ್ಲಿ ಗಲ್ಲಿಯಾಗಿ ಆ ಜಾಗ ನೆನಪಲ್ಲಿ ಉಳಿಯಿತು ಅನ್ನುತ್ತಾರೆ. ದೊಡ್ಡ ಬಜೆಟ್ಟಿಗೂ ಊರಿಗೂ ವೈರ ಇಲ್ಲ.

ಬೋರಿ ದಂಡಿ (ಅಕ್ಕಲಕೋಟೆ)

ನಿಮ್ಮ ಎರಡನೆಯ ಮಾತು ಪೂರ್ತಿ ಒಪ್ಪಿದೆ. ಮೊದಲನೆಯದಕ್ಕೆ ನನ್ನ ಉತ್ತರ ಆ ನಕ್ಷೆಯಲ್ಲೇ ಇದೆ. ರಾಮಗಢಕ್ಕೆ ನಕ್ಷೆ ಬರೆಯಲು ಬರುತ್ತದೆ. ನೀರಿನ ಟ್ಯಾಂಕ್ ಇದೆ, ಮಸೀದಿ ಇದೆ, ಶಿವನ ಗುಡಿ ಇದೆ, ಊರಿಗೆ ಸ್ವಲ್ಪ ಎತ್ತರದಲ್ಲಿ ಠಾಕೂರರ ಮನೆ, ಅಲ್ಲಿ ರಾತ್ರಿ ಒಬ್ಬ ವಿಧವೆ ಒಂದೊಂದೇ ದೀಪ ಆರಿಸುವುದು ಎದುರಿನ ಜಗುಲಿಯಲ್ಲಿ ಕೂತವನಿಗೆ ಕಾಣುತ್ತದೆ. ಅವರಿಬ್ಬರ ನಡುವೆ ಮಾತು ಬೆಳೆಯದೆಯೇ ಪ್ರೀತಿ ಬೆಳೆಯುವುದು ಆ ಎರಡು ಮನೆಗಳ ಅಂತರದಿಂದ. ಡಕಾಯಿತರು ಯಾವ ದಿಕ್ಕಿನಿಂದ ಬರುತ್ತಾರೆಂದು ಪ್ರೇಕ್ಷಕನಿಗೆ ಮೊದಲೇ ಗೊತ್ತು, ಅದಕ್ಕೇ ಹೆದರಿಕೆ ಹುಟ್ಟುತ್ತದೆ. ಸರ್ಕಾರಿ ನಕ್ಷೆಯಲ್ಲಿ ಆ ಊರು ಇರಬೇಕು ಎಂದು ನಾನು ಕೇಳುತ್ತಿಲ್ಲ. ಪಾತ್ರಗಳು ಅಲ್ಲಿ ವಾಸ ಮಾಡಬೇಕು, ಅಷ್ಟೇ.

ಈಗ ಆಗುತ್ತಿರುವುದು ಏನೆಂದರೆ, ಡ್ರೋನ್ ಒಮ್ಮೆ ಗಂಗೆಯ ಮೇಲೆ ಹಾರುತ್ತದೆ, ಪರದೆಯ ಮೇಲೆ ಊರಿನ ಹೆಸರು ಬರುತ್ತದೆ, ಮುಂದಿನ ಶಾಟ್ ಮುಂಬೈಯ ಸ್ಟುಡಿಯೋದೊಳಗಿನ ಅಂಗಳ. ಆ ಅಂಗಳದ ಬಾಗಿಲು ಯಾವ ರಸ್ತೆಗೆ ತೆರೆಯುತ್ತದೆ ಎಂಬುದನ್ನು ಸಿನಿಮಾ ಕೊನೆಯವರೆಗೂ ತೋರಿಸುವುದಿಲ್ಲ.

ಕುಂಬಳೆ ಕಡಲು (ಕಾಸರಗೋಡು)

ಬೋರಿ ದಂಡಿಯವರೇ, ನಮ್ಮ ಕಡೆಯಿಂದ ನೋಡಿದರೆ ಊರು ಕಳೆದುಹೋಗುವುದು ಪಾತ್ರವರ್ಗದ ಆಯ್ಕೆಯ ಹಂತದಲ್ಲೇ. ಇಲ್ಲಿ ಮಲಯಾಳ ಸಿನಿಮಾ ಏನು ಮಾಡಿತು ನೋಡಿ. 2017ರ ‘ತೊಂಡಿಮುದಲುಂ ದೃಕ್ಸಾಕ್ಷಿಯುಂ’ ಕಾಸರಗೋಡಿನ ಪೊಲೀಸ್ ಠಾಣೆಯೊಂದರ ಕಥೆ. ಅದರಲ್ಲಿ ಪೊಲೀಸರ ಪಾತ್ರಕ್ಕೆ ನಿಜವಾದ ಪೊಲೀಸರನ್ನೇ ಹಾಕಿಕೊಂಡರು. 2022ರ ‘ನ್ನಾ ತಾನ್ ಕೇಸ್ ಕೊಡ್’ನಲ್ಲಿ ಮ್ಯಾಜಿಸ್ಟ್ರೇಟರಾಗಿ ಕೂತ ಪಿ. ಪಿ. ಕುಂಞಿಕೃಷ್ಣನ್ ಶಾಲಾ ಮೇಷ್ಟ್ರಾಗಿದ್ದವರು, ಆ ಪಾತ್ರಕ್ಕೆ ಅವರಿಗೆ ರಾಜ್ಯ ಪ್ರಶಸ್ತಿಯೂ ಬಂತು. ವಕೀಲರು, ಸಾಕ್ಷಿಗಳು, ಕಟಕಟೆಯಲ್ಲಿ ನಿಂತವರು ಹೆಚ್ಚಿನವರು ಈ ಕಡೆಯವರೇ. ಅವರಿಗೆ ಧಾಟಿ ಕಲಿಸುವ ಕೆಲಸವೇ ಇಲ್ಲ. ಮುಖ್ಯ ನಟ ಮಾತ್ರ ಅವರ ಮಾತಿಗೆ ಹೊಂದಿಕೊಳ್ಳಬೇಕು. ಸುತ್ತಲಿನ ಹತ್ತು ಬಾಯಿ ಸರಿಯಾಗಿದ್ದರೆ ನಟನ ಕಿವಿಯೂ ತಾನಾಗಿ ತಿದ್ದಿಕೊಳ್ಳುತ್ತದೆ.

ಹಿಂದಿಯಲ್ಲಿ ಇದು ತಲೆಕೆಳಗು. ಮೊದಲು ತಾರೆ ನಿಶ್ಚಯವಾಗುತ್ತಾರೆ, ಆಮೇಲೆ ಅವರಿಗೆ ಊರು ಹುಡುಕುತ್ತಾರೆ. 2025ರ ಆಗಸ್ಟ್‌ನಲ್ಲಿ ಬಂದ ‘ಪರಮ್ ಸುಂದರಿ’ಯ ನಾಯಕಿ ಕೇರಳದವಳು ಎಂದಿದ್ದರು. ಟ್ರೇಲರ್ ಬಂದಾಗಲೇ ಅವಳ ಮಾತಿನ ಧಾಟಿಗೆ ಮಲಯಾಳಿಗಳಿಂದ ಆಕ್ಷೇಪ ಬಂತು. ನನಗೆ ಧಾಟಿಗಿಂತ ದೊಡ್ಡ ಬೇಸರ ಅದರ ಕೇರಳದ್ದು ಮಾರಾಯ್ರೆ. ಹಿನ್ನೀರು, ಆನೆ, ಓಣಂ, ಕಳರಿ, ಎಲ್ಲ ಒಂದೇ ಮನೆಯ ಸುತ್ತ. ಕಾಸರಗೋಡಿನಿಂದ ತಿರುವನಂತಪುರಕ್ಕೆ 500 ಕಿಲೋಮೀಟರಿಗೂ ಹೆಚ್ಚು ದಾರಿ ಇದೆ, ನಡುವೆ ಊಟ, ಮಾತು, ದೈವ, ಮನೆ ಕಟ್ಟುವ ಕ್ರಮ ಎಲ್ಲ ಬದಲಾಗುತ್ತವೆ. ಇಲ್ಲಿಯ ಮನೆಗಳಲ್ಲಿ ತುಳು, ಕನ್ನಡ, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲ ಇದ್ದಾವೆ. ಒಂದು ಹಿಂದಿ ಸಿನಿಮಾದಲ್ಲಾದರೂ ಕೇರಳದ ಪಾತ್ರವೊಂದು ಮನೆಯಲ್ಲಿ ಕನ್ನಡ ಆಡಿದ್ದುಂಟೇ?

ಬೇಕಲ ಕೋಟೆಯ ಮಾತಂತೂ ಎಲ್ಲರೂ ತೆಗೆಯುತ್ತಾರೆ. 1995ರ ‘ಬಾಂಬೆ’ಯ ಹಾಡು ಅಲ್ಲಿಯದು. ಮಳೆ, ಕೋಟೆ, ಕಡಲು ಮೂರೂ ಚೆನ್ನಾಗಿ ಬಂದಿವೆ. ಆದರೆ ಆ ಕಥೆಗೆ ಕಾಸರಗೋಡು ಗೊತ್ತೇ ಇಲ್ಲ. ಜಾಗವನ್ನು ಹಿನ್ನೆಲೆಯಾಗಿ ಬಳಸುವುದಕ್ಕೂ ಅಲ್ಲಿ ಕಥೆ ನಡೆಸುವುದಕ್ಕೂ ಇರುವ ವ್ಯತ್ಯಾಸ ಇದುವೇ.

ಹೋಟಗಿ ಜಂಕ್ಷನ್ (ದಕ್ಷಿಣ ಸೊಲ್ಲಾಪುರ)

ನಾ ಶಬ್ದದ ಕಡೆಯಿಂದ ಹೇಳ್ತೀನ್ರಿ. ಅರ್ಧ ಊರು ಕಳೆಯೂದು ಚಿತ್ರೀಕರಣದ ಜಾಗದಾಗ, ಇನ್ನರ್ಧ ಡಬ್ಬಿಂಗ್ ರೂಮಿನ್ಯಾಗ.

ಮೊದಲು ಬರಹ. ಹಿಂದಿ ಸಿನಿಮಾದ ಎಷ್ಟೋ ಚಿತ್ರಕಥೆಗಳಲ್ಲಿ ಸಂಭಾಷಣೆ ಇಂಗ್ಲಿಷ್ ಅಕ್ಷರದಾಗ ಇರ್ತದ. ಆ ಲಿಪಿಯಲ್ಲಿ ತ-ಟ, ದ-ಡ, ನ-ಣ ಎಲ್ಲಾ ಒಂದ. ನಟ ಆ ಹಾಳೆ ನೋಡಿ ಕಲಿತರೆ ನಾಲಗಿ ಎಲ್ಲಿ ಮುಟ್ಟಬೇಕು ಅನ್ನೂದೇ ಹೋಗಿಬಿಡ್ತದ. ಇದಕ್ಕ ಮದ್ದು ಸರಳ. ನಾಗರಿಯಲ್ಲಿ ಬರೆದ ಪ್ರತಿ ಕೊಡಬೇಕು, ಜೊತೆಗೆ ಆ ತಾಲೂಕಿನ ಒಬ್ಬ ಮುದುಕಿ, ಒಬ್ಬ ನಡುವಯಸ್ಸಿನವ, ಒಬ್ಬ ಕಾಲೇಜು ಹುಡುಗ ಅದೇ ಸಾಲು ಓದಿದ ರೆಕಾರ್ಡಿಂಗ್ ಕೊಡಬೇಕು. ಮೂರು ವಯಸ್ಸು ಯಾಕಂದ್ರ, ಒಂದೇ ಊರಾಗ ಅಜ್ಜಿಯ ಮಾತು ಬ್ಯಾರೆ, ಮೊಮ್ಮಗನ ಮಾತು ಬ್ಯಾರೆ. ಸಿನಿಮಾದಾಗ ಇಡೀ ಮನೆತನ ಒಂದೇ ಧಾಟಿಯಾಗ ಮಾತಾಡಿದರ ಅಲ್ಲಿ ಊರು ಸತ್ತಂಗ.

ಆಮೇಲೆ ಸಿಂಕ್ ಸೌಂಡ್, ಅಂದ್ರ ಚಿತ್ರೀಕರಣದ ಹೊತ್ತಿನಾಗೇ ಮಾತು ರೆಕಾರ್ಡ್ ಮಾಡೂದು. 2001ರ ‘ಲಗಾನ್’ ಆದ ಮೇಲೆ ಹಿಂದಿಯಲ್ಲಿ ಇದು ರೂಢಿಗೆ ಬಂತು. ಅದಕ್ಕೂ ಮುಂಚೆ ಬಹುತೇಕ ಎಲ್ಲಾ ಡಬ್ಬಿಂಗ್. ಸಿಂಕ್ ಅಂದ್ರ ಉದ್ದ ಕೋಲಿಗೆ ಕಟ್ಟಿದ ಬೂಮ್ ಮೈಕ್ ಫ್ರೇಮಿನ ಅಂಚಿಗೆ ತಾಗೂಹಂಗ ಹಿಡಿಯೂದು, ಬಟ್ಟಿಯೊಳಗ ಒಂದು ಸಣ್ಣ ಲೇಪಲ್ ಮೈಕ್, ಜನರೇಟರ್ ವ್ಯಾನ್ ದೂರ ನಿಲ್ಲಿಸಿ ಅಲ್ಲಿಂದ ಕೇಬಲ್ ಎಳೆಯೂದು, ಫ್ಯಾನ್, ಫ್ರಿಜ್ ಬಂದ್ ಮಾಡೂದು. ಪ್ರತಿ ಜಾಗದಾಗ ದೃಶ್ಯ ಮುಗಿದ ಕೂಡಲೇ ಎಲ್ಲಾರನ್ನೂ ಸುಮ್ಮನೆ ನಿಲ್ಲಿಸಿ 30ರಿಂದ 60 ಸೆಕೆಂಡ್ ಆ ಜಾಗದ ಖಾಲಿ ಸದ್ದು ತೊಗೋಬೇಕು. ಇದಕ್ಕ ರೂಮ್ ಟೋನ್ ಅಂತಾರ. ಅವಸರದ ಯೂನಿಟ್ಟಿನವರು ಮೊದಲು ಬಿಡೂದು ಇದನ್ನೇ. ಇದು ಇಲ್ಲಂದ್ರ ಎಡಿಟಿಂಗಿನಾಗ ಎರಡು ಸಾಲಿನ ನಡುವೆ ಸತ್ತ ನಿಶ್ಶಬ್ದ ಬರ್ತದ. ಅದನ್ನ ಮುಚ್ಚಲಿಕ್ಕೆ ಹಿನ್ನೆಲೆ ಸಂಗೀತ ಸುರೀತಾರ. ಈಗಿನ ಹಿಂದಿ ಸಿನಿಮಾದಾಗ ಸಂಗೀತ ನಿಲ್ಲೂದೇ ಇಲ್ಲ ಅಂತ ವಿಮರ್ಶಕರು ಬರೀತಾರಲ್ಲ, ಅದಕ್ಕ ಒಂದು ಕಾರಣ ಇಷ್ಟು ಸಣ್ಣದು.

ದೊಡ್ಡ ತಾರೆ ಇದ್ರ ಇನ್ನೊಂದು ತೊಡಕು. ಹೊರಗಿನ ರಸ್ತೆಯಲ್ಲಿ ಜನ ಸೇರ್ತಾರ, ಸಿಳ್ಳೆ ಹೊಡೀತಾರ, ಸಿಂಕ್ ಕೆಡ್ತದ. ಹಂಗಾಗಿ ಆ ಭಾಗ ಮುಂಬೈಯ ಬೂತಿನ್ಯಾಗ ಡಬ್ ಮಾಡ್ತಾರ. ಬೂತಿನ್ಯಾಗ ನಟ ನಿಂತಲ್ಲೇ ನಿಂತಿರ್ತಾನ, ಮೈಕ್ ಬಾಯಿಯ ಹತ್ತಿರ ಇರ್ತದ. ಹೊಲದ ನಡುವೆ ಓಡಿಕೋತ ಕೂಗಿದ ಮಾತಿಗೆ ಏದುಸಿರು ಬರೂದಿಲ್ಲ, ದೂರ ಬರೂದಿಲ್ಲ. ಮಿಕ್ಸಿಂಗಿನ್ಯಾಗ ಪ್ರತಿಧ್ವನಿ ಸೇರಿಸಬಹುದು, ಎದಿಯಿಂದ ಬರೂ ದನಿ ಸೇರಿಸಲಿಕ್ಕೆ ಆಗೂದಿಲ್ಲ. ಡಬ್ ಮಾಡೂದೇ ಆದ್ರ ನಟನನ್ನ ಹತ್ತು ಸಲ ಕುಂದರಿಸಿ ಎಬ್ಬಿಸಿ ದಮ್ಮು ಹತ್ತಿಸಿ ಆಮೇಲೆ ಸಾಲು ತೊಗೋಬೇಕು, ಮೈಕ್ ಎರಡು ಮೂರು ಅಡಿ ಹಿಂದಕ್ಕ ಇಡಬೇಕು, ಚಿತ್ರೀಕರಣಕ್ಕ ಬಳಸಿದ ಅದೇ ಬೂಮ್ ಮೈಕ್ ಬಳಸಬೇಕು.

ಊರಿನ ಸದ್ದು ಅಂತ ಲೈಬ್ರರಿಯಿಂದ ಕೋಗಿಲೆ, ನಾಯಿ, ಗುಡಿ ಗಂಟಿ ಹಾಕೂದು ಇನ್ನೊಂದು ಚಟ. ನಮ್ಮ ಸೊಲ್ಲಾಪುರದ ಸದ್ದು ಅಂದ್ರ ಪವರ್‌ಲೂಮ್. ಟವೆಲ್, ಚಾದರ ನೇಯೂ ಓಣಿಯಾಗ ಆ ಸದ್ದು ಇಲ್ಲದ ಹಗಲು ಅಪರೂಪ. ಮಾಲೇಗಾವ್ ಕೂಡ ಮಗ್ಗದ ಊರು. ಅಲ್ಲಿಯ ಹುಡುಗರ ಮೇಲೆ ರೀಮಾ ಕಾಗತಿ 2025ರ ಫೆಬ್ರವರಿಯಲ್ಲಿ ‘ಸೂಪರ್‌ಬಾಯ್ಸ್ ಆಫ್ ಮಾಲೇಗಾವ್’ ತಂದರು. ಅಂಥ ಸಿನಿಮಾ ಬಂದಾಗ ವಿಮರ್ಶಕ ಮೊದಲು ಕೇಳಬೇಕಾದ್ದು, ಮಗ್ಗದ ಸದ್ದು ಕಥೆಯ ತುಂಬ ಐತೋ ಇಲ್ಲಾ ಮಗ್ಗ ಕಾಣೂ ಶಾಟಿನ್ಯಾಗ ಅಷ್ಟೇ ಐತೋ ಅಂತ.

ಮಡಕಶಿರಾ

ಹಿಂದಿಯವರನ್ನು ಇಷ್ಟು ತೂಗುವ ಮುಂಚೆ ನಮ್ಮವರನ್ನೂ ತೂಗಬೇಕಣ್ಣ. ಬೆಂಗಳೂರಿನ ಸಿನಿಮಾದಲ್ಲಿ ಮಡಕಶಿರಾದ ಕನ್ನಡ ಎಲ್ಲಿದೆ? ರಾಯದುರ್ಗದ ಕನ್ನಡ ಎಲ್ಲಿದೆ? ‘ಸೈರಾಟ್’ 2017ರಲ್ಲಿ ಕನ್ನಡಕ್ಕೂ ‘ಮನಸು ಮಲ್ಲಿಗೆ’ ಅಂತ ಬಂತು, ಅದೇ ಹುಡುಗಿಯನ್ನೇ ನಾಯಕಿ ಮಾಡಿದರು. ಊರು ಮಾತ್ರ ಜೊತೆಗೆ ಬರಲಿಲ್ಲ. ಕಾಸರಗೋಡಿನ ಕನ್ನಡ ಶಾಲೆಯ ಮೇಲೆ 2018ರಲ್ಲಿ ಒಂದು ಸಿನಿಮಾ ಬಂದು ಗೆದ್ದಿತು. ಮಿಕ್ಕ ಗಡಿಗೆ ಅದೂ ಇಲ್ಲ. ಇನ್ನು ದೊಡ್ಡ ಚಿತ್ರಗಳೆಲ್ಲ ಐದು ಭಾಷೆಗೆ ಡಬ್ ಆಗುವಾಗ ಕರಾವಳಿಯ ಮಾತೂ ಹಿಂದಿಯಲ್ಲಿ ಅದೇ ಸಪಾಟು ಮಾತು ಆಗುತ್ತದೆ. ಹಿಂದಿ ಪ್ರೇಕ್ಷಕ ಅದನ್ನು ನೋಡಿ ‘ಮಣ್ಣಿನ ಸಿನಿಮಾ’ ಅಂತಾನೆ. ಅವನಿಗೆ ಕೇಳಿಸಿದ್ದು ಮುಂಬೈಯ ಡಬ್ಬಿಂಗ್ ಕಲಾವಿದರ ದನಿ.

ಕುಂಬಳೆ ಕಡಲು (ಕಾಸರಗೋಡು)

ಮಡಕಶಿರಾದವರು ಹೇಳಿದ್ದು ಸರಿ. ಡಬ್ಬಿಂಗ್ ಪ್ರತಿಯನ್ನು ವಿಮರ್ಶೆ ಮಾಡುವವರು ಯಾವ ಭಾಷೆಯಲ್ಲಿ ನೋಡಿದೆವು ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಬೇಕು. ಇದು ಕಡ್ಡಾಯ ಆಗಬೇಕು.

ಚಡಚಣದಾಚೆ (ಜತ್ತ)

ಚಿತ್ರೀಕರಣದ ಊರು ಹೇಗೆ ನಿಶ್ಚಯವಾಗುತ್ತದೆ ಎಂಬುದನ್ನು ಯಾರೂ ಎತ್ತಲಿಲ್ಲ. ಮಧ್ಯಪ್ರದೇಶ, ಉತ್ತರಪ್ರದೇಶ ಮೊದಲಾದ ರಾಜ್ಯಗಳು ತಮ್ಮಲ್ಲಿ ಎಷ್ಟು ಪಾಲು ದಿನ ಚಿತ್ರೀಕರಣ ಆಯಿತು ಎಂದು ಲೆಕ್ಕಹಾಕಿ ಸಹಾಯಧನ ಕೊಡುತ್ತವೆ. ಹಾಗಾಗಿ ಕಥೆಯ ಊರನ್ನು ಬಿಟ್ಟು ಸಹಾಯಧನದ ರಾಜ್ಯದಲ್ಲಿ ಜಾಗ ಹುಡುಕುವುದು ಲೆಕ್ಕಕ್ಕೆ ಸುಲಭ. ‘ಪಂಚಾಯತ್’ ಸರಣಿಯ ಫುಲೇರಾ ಹಳ್ಳಿ ಕಥೆಯಲ್ಲಿ ಉತ್ತರಪ್ರದೇಶದ ಬಲಿಯಾ ಜಿಲ್ಲೆಯದು, ಅಂದರೆ ಭೋಜಪುರಿ ಸೀಮೆ. ಚಿತ್ರೀಕರಣ ಆದದ್ದು ಮಧ್ಯಪ್ರದೇಶದ ಸೀಹೋರ್ ಜಿಲ್ಲೆಯ ಮಹೋಡಿಯಾದಲ್ಲಿ. ‘ಲಾಪತಾ ಲೇಡೀಸ್’ ಕೂಡ ಸೀಹೋರ್ ಕಡೆಯದೇ. ಒಂದೇ ಜಿಲ್ಲೆಯ ಹೊಲ, ಹೆಂಚು, ಹೊಂಡ ಬೇರೆ ಬೇರೆ ರಾಜ್ಯಗಳಾಗಿ ಕಾಣುತ್ತಿವೆ.

ಇದರಿಂದ ಸಿನಿಮಾ ಕೆಡಲೇಬೇಕು ಅಂತೇನಿಲ್ಲ. ‘ಸ್ತ್ರೀ’ ಮಧ್ಯಪ್ರದೇಶದ ಚಂದೇರಿಯ ಕಥೆ, ಚಂದೇರಿಯಲ್ಲೂ ಚಿತ್ರೀಕರಣ. ಗೋಡೆಯ ಮೇಲಿನ ಬರಹವೇ ಅಲ್ಲಿ ಕಥೆಯ ಬೀಗ. ಸಹಾಯಧನವೂ ಊರೂ ಒಂದಾದರೆ ಹೀಗೆ. ಜಾಗ ಬದಲಾದರೆ ಬೆಳೆ, ಹೆಂಚಿನ ಆಕಾರ, ಮಣ್ಣಿನ ಬಣ್ಣ, ಹೆಂಗಸರು ಸೆರಗು ಹೊದೆಯುವ ಕ್ರಮ, ಗಾಡಿಯ ನಂಬರ್ ಪ್ಲೇಟ್ ಇಷ್ಟನ್ನಾದರೂ ಕಲಾ ವಿಭಾಗ ತಿದ್ದಬೇಕು. ಸೊಲ್ಲಾಪುರ ಅಂದರೆ ಎಂಎಚ್ 13, ಕಾಸರಗೋಡು ಅಂದರೆ ಕೆಎಲ್ 14. ಮುಂದಿನ ಗಾಡಿಗೆ ಸರಿಯಾದ ಪ್ಲೇಟ್ ಹಾಕಿ ಹಿಂದೆ ನಿಂತ ಸಾಲು ಗಾಡಿಗಳನ್ನು ಹಾಗೇ ಬಿಡುವುದೇ ಮಾಮೂಲು ತಪ್ಪು. ಮಳೆಯ ವಿಷಯಕ್ಕೆ ‘ತುಂಬಾಡ್’ ಮಾದರಿ. ಕೊಂಕಣದ ಮಳೆಗಾಗಿ ಹಲವು ಮಳೆಗಾಲ ಕಾದು ಚಿತ್ರಿಸಿದರು. 2018ರಲ್ಲಿ ಸಾಧಾರಣವಾಗಿ ಓಡಿದ್ದು 2024ರ ಸೆಪ್ಟೆಂಬರಿನ ಮರುಬಿಡುಗಡೆಯಲ್ಲಿ ಮೊದಲ ಸಲಕ್ಕಿಂತ ಹೆಚ್ಚು ಗಳಿಸಿತು.

ಆದವಾನಿ ಪೇಟೆ

ಎಲ್ಲರೂ ಕಲೆಯ ಕಡೆಯಿಂದ ಹೇಳಿದಿರಿ. ಹಂಚಿಕೆಯ ಲೆಕ್ಕ ಬಿಟ್ಟರೆ ಈ ಊರಿನ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

₹236ರ ಟಿಕೆಟ್ ತೆಗೆದುಕೊಳ್ಳಿ. ₹100 ಮೀರಿದ ಟಿಕೆಟ್ಟಿಗೆ ಜಿಎಸ್‌ಟಿ 18%, ಅಂದರೆ ₹36. ಉಳಿದ ₹200 ನೆಟ್. ಪೋಸ್ಟರಿನಲ್ಲಿ ಹಾಕುವುದು ಗ್ರಾಸ್, ಅಂದರೆ ತೆರಿಗೆಯೂ ಸೇರಿದ ₹236. ಆ ನೆಟ್‌ನಲ್ಲಿ ನಿರ್ಮಾಪಕ-ವಿತರಕರ ಪಾಲು 2009ರ ಮಲ್ಟಿಪ್ಲೆಕ್ಸ್ ಒಪ್ಪಂದದಂತೆ ಮೊದಲ ವಾರ 50%, ಎರಡನೆಯ ವಾರ 42.5%, ಮೂರನೆಯ ವಾರ 37.5%, ಆಮೇಲೆ 30%. ಅಂದರೆ ಅದೇ ಸೀಟು ಮೊದಲ ವಾರ ₹100 ತಂದರೆ ನಾಲ್ಕನೆಯ ವಾರ ₹60 ತರುತ್ತದೆ. ಈ ಏಣಿಯನ್ನು ನೋಡಿದ ನಿರ್ಮಾಪಕ ಏನು ಮಾಡುತ್ತಾನೆ? ಮೊದಲ ಮೂರು ದಿನಕ್ಕೆ ಎಲ್ಲ ರಾಜ್ಯದವರೂ ಬರುವಂಥದ್ದನ್ನು ಮಾಡುತ್ತಾನೆ. ಊರಿನ ಸಿನಿಮಾ ಬಾಯಿಂದ ಬಾಯಿಗೆ ಹರಡಿ ಮೂರನೆಯ ನಾಲ್ಕನೆಯ ವಾರಕ್ಕೆ ಏರುವಂಥದ್ದು. 2023ರ ಅಕ್ಟೋಬರಿನ ‘ಟ್ವೆಲ್ತ್ ಫೇಲ್’ ಹಾಗೆಯೇ ಏರಿತು. ಅದು ಏರುವ ಹೊತ್ತಿಗೆ ನಿರ್ಮಾಪಕನ ಪಾಲು ಇಳಿದಿರುತ್ತದೆ, ಹೊಸ ಶುಕ್ರವಾರದ ಚಿತ್ರಕ್ಕೆ ಪರದೆಯೂ ಹೋಗಿರುತ್ತದೆ.

ಒಟಿಟಿಯದೂ ಒಂದು ಲೆಕ್ಕ ಇದೆ. ಹಿಂದಿ ಚಿತ್ರಕ್ಕೆ ದೊಡ್ಡ ಮಲ್ಟಿಪ್ಲೆಕ್ಸ್ ಸರಪಳಿಗಳು ಎಂಟು ವಾರದ ಅಂತರ ಕೇಳುತ್ತವೆ. ‘ಲಾಪತಾ ಲೇಡೀಸ್’ 2024ರ ಮಾರ್ಚ್ 1ಕ್ಕೆ ಥಿಯೇಟರಿಗೆ, ಏಪ್ರಿಲ್ 26ಕ್ಕೆ ನೆಟ್‌ಫ್ಲಿಕ್ಸಿಗೆ, ಸರಿಯಾಗಿ 56 ದಿನ. ಹೆಚ್ಚಿನ ಜನ ಅದನ್ನು ನೋಡಿದ್ದು ಎರಡನೆಯ ಕಡೆ. ಆಮೀರ್ ಖಾನ್ 2025ರಲ್ಲಿ ‘ಸಿತಾರೆ ಜಮೀನ್ ಪರ್’ನ ಒಟಿಟಿ ದಾರಿಯನ್ನೇ ಬಿಟ್ಟು ಆಗಸ್ಟ್ 1ರಿಂದ ಯೂಟ್ಯೂಬಿನಲ್ಲಿ ₹100ಕ್ಕೆ ಕೊಟ್ಟರು. ಸಣ್ಣ ಚಿತ್ರಗಳಿಗೆ ಇದು ದಾರಿಯಾಗಬಹುದು ಎಂಬ ಆಸೆ ನನಗಿದೆ. ₹100 ಮತ್ತು ಕೆಳಗಿನ ಟಿಕೆಟ್ಟಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 12%ರಿಂದ 5%ಕ್ಕೆ ಇಳಿದಿದೆ. ತಾಲೂಕು ಊರಿನ ಒಂಟಿ ಪರದೆಗಳಿಗೆ ಇದರಿಂದ ಒಂದಿಷ್ಟು ಉಸಿರು. ವಿಮರ್ಶಕರು ಗಳಿಕೆಯ ಅಂಕಿ ಬರೆಯುವಾಗ ಗ್ರಾಸೋ ನೆಟ್ಟೋ, ಭಾರತದ್ದೋ ಜಗತ್ತಿನದ್ದೋ ಎಂದು ಬಿಡಿಸಿ ಬರೆದರೆ ದೊಡ್ಡ ಉಪಕಾರ.

ಉಮದಿ ಟಾಕೀಜ್ ಕಟ್ಟೆ

ಅಣ್ಣಾರ, ಇಷ್ಟೆಲ್ಲಾ ಸರಿಮಾಡಿ ಕಳಿಸಿದರೂ ಥಿಯೇಟರಿನ್ಯಾಗ ಊರು ಕಾಣದಂಗ ಆಗ್ತದ. ಪ್ರೊಜೆಕ್ಷನ್ ಕಡೆಯ ಮಾತು ಹೇಳ್ತೀನಿ.

ಬೆಳಕಿನ ಪ್ರಮಾಣ ಪರದೆಯ ನಡುವೆ 14 ಫುಟ್-ಲ್ಯಾಂಬರ್ಟ್ (ಪರದೆಯ ಬೆಳಕು ಅಳೆಯೂ ಮಾನ) ಇರಬೇಕು. ಪ್ರೊಜೆಕ್ಟರಿನ ಜೆನಾನ್ ಲ್ಯಾಂಪ್ ಹಳೆಯದಾದಂಗ ಬೆಳಕು ಇಳೀತದ, ಲ್ಯಾಂಪಿನ ಆಯುಷ್ಯ ಉಳಿಸಲಿಕ್ಕೆ ಕರೆಂಟ್ ಕಡಿಮಿ ಇಡ್ತಾರ, ಪ್ರೊಜೆಕ್ಷನ್ ಕಿಟಕಿಯ ಗಾಜಿಗೆ ಧೂಳು ಕೂತಿರ್ತದ. ಮೂರೂ ಸೇರಿದರ ರಾತ್ರಿಯ ದೃಶ್ಯ ಬರೇ ಕಪ್ಪು. ತ್ರೀಡಿಗಂತ ಹಾಕಿದ ಬೆಳ್ಳಿ ಪರದೆಯಾಗ ನಡುಭಾಗ ಹೊಳೀತದ, ಅಂಚು ಮಂಕಾಗ್ತದ. ಹಿನ್ನೆಲೆಯಾಗ ಏನೇನು ಊರು ಕಟ್ಟಿದ್ದರೂ ಅದು ಇರೂದು ಅಂಚಿನಾಗ, ನೆರಳಿನಾಗ. ಅದೇ ಮೊದಲು ಅಳಿಸಿ ಹೋಗ್ತದ.

ಸದ್ದಿಂದು ಇನ್ನೂ ಕಷ್ಟ. ಮಿಕ್ಸ್ ಮಾಡೂ ಸ್ಟುಡಿಯೋದಾಗ ಫೇಡರ್ (ಸದ್ದು ಏರಿಸಿ ಇಳಿಸೂ ಗುಂಡಿ) 7ಕ್ಕ ಇಟ್ಟಿರ್ತಾರ, ಪರದೆಯ ಹಿಂದಿನ ಒಂದೊಂದು ಸ್ಪೀಕರ್ 85 ಡೆಸಿಬೆಲ್‌ಗೆ ಹೊಂದಿಸಿರ್ತಾರ. ಥಿಯೇಟರಿನ್ಯಾಗ ಸದ್ದು ಭಾಳ ಆತು ಅಂತ ಜನ ದೂರು ಕೊಟ್ಟರ ಆಪರೇಟರ್ 5ಕ್ಕ ಇಳಸ್ತಾನ. ಒಂದು ಹೆಜ್ಜಿಗೆ 3.3 ಡೆಸಿಬೆಲ್ ಲೆಕ್ಕದಾಗ ಸುಮಾರು 6.7 ಡೆಸಿಬೆಲ್ ಹೋತು. ಪಿಸುಮಾತು, ರೂಮ್ ಟೋನ್, ದೂರದ ಬಸ್ಸು ಎಲ್ಲಾ ಏಸಿಯ ಗುಂಯ್ ಸದ್ದಿನ್ಯಾಗ ಮುಳುಗಿದವು. ಇದು ಗೊತ್ತಿದ್ದ ಮಿಕ್ಸರ್ ಮುಂದಿನ ಸಿನಿಮಾನ ಇನ್ನೂ ಜೋರಾಗಿ ಮಾಡ್ತಾನ, ಆಪರೇಟರ್ ಇನ್ನೂ ಇಳಸ್ತಾನ. ಈ ಹಗ್ಗಜಗ್ಗಾಟದಾಗ ಸಣ್ಣ ಸದ್ದಿನ ಸಿನಿಮಾ ಬದುಕೂದಿಲ್ಲ. ಒಟಿಟಿಯಾಗ ಸಂಭಾಷಣೆಯ ಮಟ್ಟಕ್ಕ ನಿಯಮ ಐತಿ, ನೆಟ್‌ಫ್ಲಿಕ್ಸಿಗೆ ಮೈನಸ್ 27 ಎಲ್‌ಕೆಎಫ್‌ಎಸ್ (ಸದ್ದಿನ ಜೋರು ಅಳೆಯೂ ಮಾನ). ಅದಕ್ಕ ಅದೇ ಸಿನಿಮಾ ಮನಿಯಾಗ ಸ್ಪಷ್ಟ ಕೇಳಸ್ತದ.

ಹೊಸೂರು ಹಾದಿ

ಬೋರಿ ದಂಡಿಯವರಿಗೆ ಒಂದು ನೇರ ಪ್ರಶ್ನೆ. ಇಷ್ಟೆಲ್ಲ ತಿಳಿದ ಮೇಲೆ ವಿಮರ್ಶಕ ಥಿಯೇಟರಿನಲ್ಲಿ ಕೂತು ಏನು ಗಮನಿಸಬೇಕು? 700 ಪದದಲ್ಲಿ ಇದೆಲ್ಲ ಹೇಗೆ ಹಿಡಿಸುತ್ತದೆ?

ಬೋರಿ ದಂಡಿ (ಅಕ್ಕಲಕೋಟೆ)

ಎಲ್ಲ ಹಿಡಿಸಬೇಕಿಲ್ಲ. ಮೊದಲಿಗೆ ಬರುವ ಸೆನ್ಸಾರ್ ಪ್ರಮಾಣಪತ್ರ ತಪ್ಪಿಸಿಕೊಳ್ಳಬೇಡಿ. ವರ್ಗ ಮತ್ತು ಅವಧಿ ಬರೆದುಕೊಳ್ಳಿ. 2024ರ ನಿಯಮದ ಮೇಲೆ ಯುಎ ವರ್ಗ 7+, 13+, 16+ ಎಂದು ಮೂರಾಗಿದೆ. ಕತ್ತರಿ ಎಲ್ಲಿ ಬಿದ್ದಿದೆ ಎಂಬುದು ಊರಿನ ಪ್ರಶ್ನೆಗೂ ಸೇರುತ್ತದೆ. 2025ರ ‘ಧಡಕ್ 2’ಕ್ಕೆ 16 ಬದಲಾವಣೆ ಹೇಳಿದರು, ಅದರಲ್ಲಿ ಜಾತಿಗೆ ಸಂಬಂಧಿಸಿದ ಸಾಲುಗಳೂ ಇದ್ದವು. ಕಾನ್ ಚಿತ್ರೋತ್ಸವದಲ್ಲಿ ತೋರಿಸಿದ ಸಂಧ್ಯಾ ಸೂರಿಯವರ ‘ಸಂತೋಷ್’ ಭಾರತದ ಥಿಯೇಟರಿಗೆ ಬರಲೇ ಇಲ್ಲ. ಒಂದು ಸಿನಿಮಾದ ಊರು ಮಸುಕಾಗಿದೆ ಎಂದು ನಿರ್ದೇಶಕನನ್ನು ಬೈಯುವ ಮೊದಲು ಮಸುಕು ಮಾಡಿದವರು ಯಾರೆಂದು ನೋಡಬೇಕು. ಅಂಥ ವಿಷಯದಲ್ಲಿ ವಿಮರ್ಶಕ ಸುಮ್ಮನಿರುವುದು ನನಗೆ ಸಹಿಸದು.

ಸಿನಿಮಾ ಶುರುವಾದ ಮೇಲೆ ಮೊದಲ 15 ನಿಮಿಷ ಕಥೆಯನ್ನು ಬರೆಯಬೇಡಿ. ಅಂಗಡಿಯ ಬೋರ್ಡು ಯಾವ ಲಿಪಿಯಲ್ಲಿದೆ, ಹೊಸ ಬಣ್ಣದ್ದೋ ಬಿಸಿಲಿಗೆ ಒಣಗಿದ್ದೋ, ಮನೆಯ ಬೆಳಕು ಕಿಟಕಿಯಿಂದ ಬರುತ್ತದೋ ಎಲ್ಲ ಕಡೆಯಿಂದ ಸಮನಾಗಿ ಬರುತ್ತದೋ, ಊಟದ ತಟ್ಟೆಯಲ್ಲಿ ಏನಿದೆ, ನೋಡಿ. ಸೊಲ್ಲಾಪುರದ ಮನೆ ಎಂದು ತೋರಿಸಿ ತಟ್ಟೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇಲ್ಲದೆ ಫುಲ್ಕಾ, ಪನೀರ್ ಇಟ್ಟರೆ ಕಲಾ ವಿಭಾಗ ಇಲ್ಲಿಗೆ ಬಂದೇ ಇಲ್ಲ. ಆಮೇಲೆ ಎರಡನೆಯ ದರ್ಜೆಯ ಪಾತ್ರಗಳ ಮಾತು ಕೇಳಿ. ನಾಯಕನಿಗೆ ತರಬೇತಿ ಕೊಟ್ಟಿರುತ್ತಾರೆ. ಚಹಾ ಅಂಗಡಿಯವ, ಪೇದೆ, ಕಂಡಕ್ಟರ್ ಇವರ ಬಾಯಲ್ಲಿ ಊರು ಇದೆಯೋ ಇಲ್ಲವೋ ತಿಳಿಯುತ್ತದೆ. ಇಂಟರ್ವಲ್‌ನಲ್ಲಿ ಆ ನಾಲ್ಕು ಜಾಗದ ನಕ್ಷೆ ಹಾಕಿ. ಎರಡನೆಯ ಅರ್ಧದಲ್ಲಿ ದೂರ ಇದ್ದಕ್ಕಿದ್ದಂತೆ ಕುಗ್ಗಿದರೆ, ಅಂದರೆ ಬೆಳಿಗ್ಗೆ ಹಳ್ಳಿಯಲ್ಲಿದ್ದವ ಕಾರಣವಿಲ್ಲದೆ ಮಧ್ಯಾಹ್ನ ಮುಂಬೈಯಲ್ಲಿದ್ದರೆ, ಚಿತ್ರಕಥೆ ಅಲ್ಲಿ ಕೈಕೊಟ್ಟಿದೆ. ವೇಗ ಕಡಿಮೆಯಾಯಿತು, ಎಡಿಟಿಂಗ್ ಬಿಗಿ ಇಲ್ಲ ಎಂದು ನಾವು ಬರೆಯುವ ಸಾಲುಗಳ ಹಿಂದೆ ಅನೇಕ ಸಲ ಇದೇ ಇರುತ್ತದೆ.

ಉಮದಿಯವರು ಹೇಳಿದ್ದನ್ನು ಸೇರಿಸಿಕೊಂಡು ಇನ್ನೊಂದು. ಸಂಭಾಷಣೆ ಕೇಳಲಿಲ್ಲ, ಚಿತ್ರ ಕತ್ತಲೆಯಾಗಿತ್ತು ಎಂದು ಬರೆಯುವ ಮೊದಲು ಇನ್ನೊಂದು ಪರದೆಯಲ್ಲಿ ಹತ್ತು ನಿಮಿಷವಾದರೂ ನೋಡಿ. ಛಾಯಾಗ್ರಾಹಕನ ತಪ್ಪನ್ನೂ ಲ್ಯಾಂಪಿನ ತಪ್ಪನ್ನೂ ಒಂದೇ ಖಾತೆಗೆ ಹಾಕಬಾರದು.

ಹೋಟಗಿ ಜಂಕ್ಷನ್ (ದಕ್ಷಿಣ ಸೊಲ್ಲಾಪುರ)

ಉಮದಿ ಅಣ್ಣಾರಿಗೆ: ಹಳೆಯ ಹಿಂದಿ ಚಿತ್ರ ಮತ್ತೆ ಹಾಕುವಾಗ ಫೇಡರ್ ಎಷ್ಟಕ್ಕ ಇಡಬೇಕು? ಮರುಬಿಡುಗಡೆಗಳಲ್ಲಿ ಹಾಡು ಕಿರುಚತಾವ, ಮಾತು ಕೇಳಂಗಿಲ್ಲ ಅಂತ ಭಾಳ ಮಂದಿ ಬರದಾರ.

ಉಮದಿ ಟಾಕೀಜ್ ಕಟ್ಟೆ

ಮೊದಲ ಆಟಕ್ಕ ಮುಂಚೆ ಖಾಲಿ ಥಿಯೇಟರಿನ್ಯಾಗ ಮಾತು ಜಾಸ್ತಿ ಇರೂ ಒಂದು ರೀಲಿನಷ್ಟು ಓಡಸ್ರಿ, ಜಾಹೀರಾತು ನೋಡಿ ಫೇಡರ್ ಇಡಬ್ಯಾಡ್ರಿ. ನಡುವಿನ ಸಾಲಿನ ಹಿಂದಕ್ಕ, ಮೂರನೇ ಎರಡು ಭಾಗದ ದೂರದಾಗ ಕುಂತು ಕೇಳ್ರಿ. ಮಾತು ಸರಿ ಆಗೂತನಕ ಏರಿಸಿ ಆ ಅಂಕಿ ಬರದಿಡ್ರಿ. ಹಾಡಿಗೆ ಜೋರಾದರ ಫೇಡರ್ ಮುಟ್ಟಬ್ಯಾಡ್ರಿ, ಸುತ್ತಲಿನ ಗೋಡೆಯ ಸರೌಂಡ್ ಸ್ಪೀಕರಿನ ಮಟ್ಟ ತಪಾಸಣೆ ಮಾಡ್ರಿ, ಅವು 82 ಡೆಸಿಬೆಲ್‌ಗೆ ಹೊಂದಿಸಿರಬೇಕು. ಎಷ್ಟೋ ಕಡೆ ಅದು ಮೇಲೇರಿರ್ತದ. ನಡುವಿನ ಸ್ಪೀಕರಿನ ಹಾರ್ನ್ ಡ್ರೈವರ್ (ಎತ್ತರದ ಸ್ವರ ಹೊರಡಿಸೂ ಭಾಗ) ಸುಟ್ಟಿದ್ದರೂ ಹಿಂಗ ಆಗ್ತದ. ಮಾತಿನ ಸ, ಶ ಕೇಳಸದೆ ಬರೇ ಗುಮ್ಮ್ ಅಂದ್ರ ಅದ ದೋಷ. ಪರದೆಯ ತೂತುಗಳಾಗ ಧೂಳು ಕೂತಿದ್ದರೂ ಅಷ್ಟ. ಪರದೆಯ ಹಿಂದ ಹೋಗಿ ಮೆತ್ತನ್ನ ಬ್ರಷ್ ಹಾಕಿ ವ್ಯಾಕ್ಯೂಮ್ ಹಿಡೀರಿ, ನೀರು ಮಾತ್ರ ಹಚ್ಚಬ್ಯಾಡ್ರಿ.